ಶ್ಯಾವಿಗೆ ಮಾಳಿಗೆಯ ಮೇಲೆ, ಗುರ್ಜಿ ತಲೆಯ ಮೇಲೆ

ಇಂದ,
ವಿರೂಪಣ್ಣ, ಗಂಜಿನ ಪೇಟೆಯ ಅಡತಿ ಅಂಗಡಿಯಲ್ಲಿ ಕಾಳು ತೂಕ ಮಾಡುವವ,
ಕಿಲ್ಲಾದ ಒಳಗಿನ ಓಣಿ, ರಾಯಚೂರು.
(ಬರೆದವ: ಮಹಾಂತಯ್ಯ, ತಹಸೀಲ ಕಚೇರಿಯ ಮುಂದೆ ಬೇವಿನ ಮರದ ಕೆಳಗೆ ಕೂತು ಅರ್ಜಿ ಬರೆಯುವವ.)

ಗೆ,
ಮಾನ್ಯ ಮೇಘರಾಜರು,
ಮಳೆ, ಗಾಳಿ, ಬಿಸಿಲು ಹಾಗೂ ಧೂಳಿನ ಸಮಸ್ತ ಖಾತೆಗಳು,
ಮುಗಿಲ ಕಚೇರಿ, ಕೋಟೆ ಗುಡ್ಡದ ನೆತ್ತಿಯ ಮೇಲೆ, ರಾಯಚೂರು.
(ಸಾಹೇಬರು ಜಾಗದ ಮೇಲೆ ಇಲ್ಲದಿದ್ದರೆ ಎಲ್ಲಿದ್ದಾರೋ ಅಲ್ಲಿಗೆ ಮುಟ್ಟಿಸುವುದು.)

ಫಸಲಿ ೧೩೫೫, ಮಿರಗದ (ಮೃಗಶಿರದ) ಮಳೆ ಬರಬೇಕಾಗಿದ್ದ ದಿನಗಳು.

ವಿಷಯ: ಮಳೆ ಬರುವುದಿಲ್ಲವೆಂದು ಹೆಂಡತಿಗೆ ಮುಂಜಾನೆ ಮಾತು ಕೊಟ್ಟು, ಮಳೆ ಬರಲೆಂದು ಮಧ್ಯಾಹ್ನ ಗುರ್ಜಿ ಹೊತ್ತ ಅರ್ಜಿದಾರನ ಸಂಸಾರದ ಬಾಬತ್ತು.

ಉಲ್ಲೇಖ: (೧) ಕಳೆದ ವರ್ಷ ಮಾನ್ವಿಯಲ್ಲಿ ತಮ್ಮ ಗಾಳಿ ಖಾತೆಯವರು ಹಾರಿಸಿದ ಮದುವೆ ಹಂದರ.
(೨) ಈ ಸಲ ತಾವು ಕಿಲ್ಲಾದ ಮೇಲೆ ಮಾತ್ರ ಸುರಿಸಿದ ಮಳೆ.
(೩) ಗುರುಶಾಂತಮ್ಮನವರ ಪ್ರಶ್ನೆ. ಉತ್ತರ ಬಾಕಿ.

ಮಾನ್ಯರೇ,

ಸದರಿ ಅರ್ಜಿದಾರ ವಿರೂಪಣ್ಣನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಆತನ ಹೆಂಡತಿ ಗುರುಶಾಂತಮ್ಮ ತವರೂರು ದೇವದುರ್ಗಕ್ಕೆ ಹೋಗಿದ್ದಾಳೆ. ಹೋಗುವಾಗ ಒಂದು ಪ್ರಶ್ನೆ ಕೇಳಿ ಹೋಗಿದ್ದಾಳೆ. ಉತ್ತರ ಸಿಗುವವರೆಗೆ ತಿರುಗಿ ಬರುವುದಿಲ್ಲ ಎಂದಿದ್ದಾಳೆ. ಪ್ರಶ್ನೆಯು ತಮ್ಮ ಖಾತೆಗೆ ಸೇರಿದ್ದು, ಸಂಕಟ ಅರ್ಜಿದಾರನಿಗೆ ಸೇರಿದ್ದು. ಕಾರಣ ಈ ಅರ್ಜಿ.

ನಮ್ಮ ಮುಲುಕಿನ ಕಚೇರಿಗಳಿಗೆ ಅರ್ಜಿ ಉರ್ದುವಿನಲ್ಲಿ ಹೋಗಬೇಕೆಂಬುದು ಬರೆದವನಿಗೆ ಗೊತ್ತಿಲ್ಲದ ಮಾತಲ್ಲ. ಆದರೆ ಈ ಸೀಮೆಯ ಹೆಂಗಸರು ಮಕ್ಕಳು ತಮ್ಮನ್ನು ತಲೆಮಾರಿನಿಂದ ಕನ್ನಡದಲ್ಲೇ ಕರೆಯುತ್ತ ಬಂದಿದ್ದಾರೆ, ತಾವೂ ಒಮ್ಮೊಮ್ಮೆ ಓಗೊಟ್ಟಿದ್ದೀರಿ. ಆದ್ದರಿಂದ ಕನ್ನಡದಲ್ಲೇ ಬರೆಯಲಾಗಿದೆ. ಭಾಷೆಯ ನೆವ ಹೇಳಿ ಅರ್ಜಿಯನ್ನು ಕೆಳಗೆ ಬಿಸಾಡಬಾರದು.

೧. ಅರ್ಜಿದಾರನು ಹುಟ್ಟಿ ಬೆಳೆದದ್ದು ರಾಯಚೂರಿನಲ್ಲೇ. ಈ ಊರಿನ ಹವೆ ತನಗೆ ತಿಳಿದಷ್ಟು ಬೇರೆ ಯಾರಿಗೂ ತಿಳಿದಿಲ್ಲ ಎಂಬುದು ಆತನ ಗಟ್ಟಿ ನಂಬಿಕೆ. ಅಂಗಡಿಯಲ್ಲಿ ತಕ್ಕಡಿ ಹಿಡಿದು ನಿಂತಲ್ಲಿಂದಲೇ, ತಲೆ ಮೇಲೆತ್ತದೆ, "ನಾಳಿ ಮಳಿ", "ಸಂಜಿಗೆ ಗಾಳಿ" ಎಂದು ಹೇಳಿಬಿಡುತ್ತಾನೆ. ಹತ್ತು ಮಾತಿನಲ್ಲಿ ಒಂದು ನಿಜವಾದರೆ ಗಂಜಿನ ಮಂದಿ ಅದನ್ನು ತಿಂಗಳುಗಟ್ಟಲೆ ಹೊಗಳುತ್ತಾರೆ. ತಪ್ಪಿದ್ದನ್ನು ಗಾಳಿಗೆ ಬಿಡುತ್ತಾರೆ. ಓಣಿಯ ಹೆಂಗಸರ ಲೆಕ್ಕ ಬೇರೆ. ವಿರೂಪಣ್ಣ ಮಳೆ ಇಲ್ಲ ಎಂದನೆಂದರೆ ಅವರು ಅಂಗಳದಲ್ಲಿ ಒಣಹಾಕಿದ ಸಗಣಿಯ ಕುಳ್ಳನ್ನು ಒಳಗೆ ತಂದಿಡುತ್ತಾರೆ.

ತಮ್ಮ ವಿಷಯದಲ್ಲಿ ಆತನಿಗೆ ಮೊದಲ ಪಾಠವಾದದ್ದು ಕಳೆದ ವರ್ಷ ಮಾನ್ವಿಯಲ್ಲಿ. ಅಲ್ಲಿ ಅಕ್ಕನ ಮಗಳ ಮದುವೆಯ ಹಂದರ ಕಟ್ಟುತ್ತಿದ್ದವರು ಹಗ್ಗ ಬಿಗಿಯುವಾಗ, "ಯಾಕ ಅಷ್ಟು ಜಗ್ತೀರಿ? ಇವತ್ತ ಗಿಡದ ಎಲಿ ಸೈತ ಅಲುಗಾಡಂಗಿಲ್ಲ" ಎಂದು ಅರ್ಜಿದಾರನು ಅಪ್ಪಣೆ ಕೊಡಿಸಿದ. ಊಟದ ಪಂಕ್ತಿ ಕೂತ ಹೊತ್ತಿಗೆ ತಮ್ಮ ಗಾಳಿ ಖಾತೆಯವರು ಬಂದು ಹಂದರವನ್ನು ಎತ್ತಿ ಪಕ್ಕದವರ ಬಣವೆಯ ಮೇಲೆ ಹೊದಿಸಿದರು. ಬೀಗರು ಹೋಳಿಗೆಯ ಸಂಗಡ ಮಾನ್ವಿಯ ಧೂಳನ್ನೂ ಉಂಡು, ಏನೂ ಆಗದವರಂತೆ ಕೈ ತೊಳೆದರು. ಇದರಿಂದ ಅರ್ಜಿದಾರನು ಹಗ್ಗ ಬಿಗಿಯಬೇಕೆಂದು ಕಲಿತ. ಬಾಯಿ ಬಿಗಿಯಬೇಕೆಂದು ಕಲಿಯಲಿಲ್ಲ. ಆದ್ದರಿಂದ ಮುಂದಿನದು ನಡೆಯಿತು.

೨. ಈ ವರ್ಷ ತಾವು ರೋಹಿಣಿಯಲ್ಲಿ ಬರಲಿಲ್ಲ. ಮಿರಗ ಕೂಡಿತು, ಆಗಲೂ ಬರಲಿಲ್ಲ. ಬಾವಿಗಳಲ್ಲಿ ಕೊಡ ಮುಳುಗದೆ ಮಗ್ಗುಲಾಗಿ ಮಲಗುವ ಹಾಗಾಯಿತು. ಊರೆಲ್ಲ ತಮ್ಮನ್ನು ಶಪಿಸುತ್ತಿರುವಾಗ ಒಬ್ಬಾಕೆ ಮಾತ್ರ ಒಳಗೊಳಗೇ ಖುಷಿಯಾಗಿದ್ದಳು. ಆಕೆ ಗುರುಶಾಂತಮ್ಮ. ಆಕೆಯ ತಮ್ಮನ ಮದುವೆ ಹತ್ತಿರ ಬಂದಿತ್ತು. ಮದುವೆಗೆ ಶ್ಯಾವಿಗೆ ಮಾಡಿಕೊಡುವ ಹೊಣೆ ಅಕ್ಕನದು. ಓಣಿಯ ಹೆಂಗಸರನ್ನೆಲ್ಲ ಕೂಡಿಸಿಕೊಂಡು, ಮಣೆ ಹಾಕಿ, ಹಿಟ್ಟು ಹೊಸೆದು, ಕೂದಲೆಳೆಯ ಹಾಗೆ ಶ್ಯಾವಿಗೆ ತೆಗೆದು ಮಾಳಿಗೆಯ ಮೇಲೆ ಕೋಲುಗಳಿಗೆ ಇಳಿಬಿಟ್ಟಿದ್ದಳು. ಇನ್ನೊಂದು ಹಗಲಿನ ಬಿಸಿಲು ಬಿದ್ದರೆ ಡಬ್ಬಿಗೆ ತುಂಬುವುದಷ್ಟೇ ಬಾಕಿ ಇತ್ತು.

ಅದೇ ದಿನ ದೇವಸುಗೂರಿಗೆ ಹೋಗಿ ಸೂಗೂರೇಶ್ವರನಿಗೆ ಕಾಯಿ ಒಡೆಸುವ ಹರಕೆಯೂ ಇತ್ತು. ಬಾಡಿಗೆ ಬಂಡಿ ಹೊಡೆಯುವ ತಾಯಣ್ಣ ನಸುಕಿನಲ್ಲೇ ಬಂದು ಬಾಗಿಲ ಮುಂದೆ ಎತ್ತು ನಿಲ್ಲಿಸಿದ್ದ. ಗುರುಶಾಂತಮ್ಮ ಒಂದು ಕಾಲು ಬಂಡಿಯ ಮೇಲಿಟ್ಟು ನಿಂತು ಕೇಳಿದಳು: "ಏನ್ರೀ, ಖರೇ ಹೇಳ್ರಿ, ಇವತ್ತ ಮಳಿ ಬರ್ತದೇನು? ಬರಂಗಿದ್ರ ನಾ ಹೋಗಂಗಿಲ್ಲ. ದೇವರು ಎಲ್ಲಿಗೂ ಓಡಿ ಹೋಗಂಗಿಲ್ಲ, ಇನ್ನೊಂದಿನ ಹೋದ್ರಾತು."

ಅರ್ಜಿದಾರನು ಹಲ್ಲುಜ್ಜುತ್ತಿದ್ದ. "ಮುಗಿಲಾಗ ಹತ್ತಿಯಷ್ಟು ಮೋಡ ಇಲ್ಲ. ಎಲ್ಲಿ ಮಳಿ, ಏನು ಕತಿ? ನೀ ಹೋಗಿ ಬಾ. ಶ್ಯಾವಿಗಿ ನನ್ನ ಜಿಮ್ಮಾ" ಎಂದ. ಆಕೆ ನಂಬಿ ಬಂಡಿ ಹತ್ತಿದಳು. ಈ ಮಾತನ್ನು ತಾವು ದಯವಿಟ್ಟು ಗಮನದಲ್ಲಿಡಬೇಕು. ಮಾನ್ವಿಯ ಹಂದರ ಹಾರಿದ್ದನ್ನು ಕಣ್ಣಾರೆ ಕಂಡೂ ಆಕೆ ನಂಬಿದಳು.

೩. ಬಿಸಿಲೇರಿದ ಮೇಲೆ ಓಣಿಯ ಹಿರಿಯರು ಕೂಡಿ, ಇನ್ನು ತಡೆದರೆ ಬಿತ್ತಿಗೆಯ ಹದ ತಪ್ಪುತ್ತದೆ, ಇವತ್ತೇ ಗುರ್ಜಿ ಆಡಿಸಬೇಕೆಂದು ತೀರ್ಮಾನಿಸಿದರು. ಗುರ್ಜಿಯು ತಮಗೆ ಮೇಲಿನಿಂದ ಹೇಗೆ ಕಾಣುತ್ತದೋ ತಿಳಿಯದು. ಕೆಳಗಿನಿಂದ ಹೀಗಿರುತ್ತದೆ: ರೊಟ್ಟಿ ಹಂಚನ್ನು ಬೋರಲು ಹಾಕಿ, ಅದರ ಮೇಲೆ ಗುರ್ಜಿಯೆಂಬ ಸಗಣಿಯ ಗೊಂಬೆ ಕೂಡಿಸಿ ಗರಿಕೆ ಚುಚ್ಚುತ್ತಾರೆ. ಒಬ್ಬನು ಅದನ್ನು ಬರಿಮೈಯಲ್ಲಿ ತಲೆಯ ಮೇಲೆ ಹೊತ್ತು ಮನೆಮನೆಗೆ ಹೋಗುತ್ತಾನೆ. ಮನೆಯಾಕೆ ಒಂದು ಕೊಡ ನೀರು ತಂದು ಗುರ್ಜಿಯ ಮೇಲೆ ಸುರಿಯುತ್ತಾಳೆ, ಹೊತ್ತವನು ಗರಗರ ತಿರುಗುತ್ತಾನೆ, ಉಳಿದವರು ಮಳೆಯನ್ನು ಕೂಗಿ ಕರೆಯುತ್ತಾರೆ. ಕೊಟ್ಟ ಜೋಳದ ಹಿಟ್ಟನ್ನೆಲ್ಲ ಕೂಡಿಸಿ ಕೊನೆಗೆ ಓಣಿಯೇ ಅಡುಗೆ ಮಾಡಿ ಉಣ್ಣುತ್ತದೆ.

ಹೊರುವವರು ಯಾರು ಎಂಬ ಮಾತು ಬಂದಾಗ ಎಲ್ಲರ ಕಣ್ಣೂ ಅರ್ಜಿದಾರನ ತಲೆಯ ಮೇಲೆ ಬಿತ್ತು. ಅರ್ಜಿದಾರನದು ಬೋಳು ತಲೆ, ನಡುವೆ ಚಪ್ಪಟೆ, ಹಂಚು ಜಾರುವುದಿಲ್ಲ. ಅದರಲ್ಲೂ ಹವೆ ತಿಳಿದವನು. ಅರ್ಜಿದಾರನು ಬೇಡ ಬೇಡ ಎನ್ನುತ್ತಲೇ ಅಂಗಿ ಕಳಚಿದ. ಪಕ್ಕದ ಮನೆಯ ಇಮಾಮ್ ಬೀ ತನ್ನ ರೊಟ್ಟಿ ಹಂಚನ್ನೇ ತಂದು ಕೊಟ್ಟಳು.

ತನ್ನ ಮಾಳಿಗೆಯ ಮೇಲೆ ಶ್ಯಾವಿಗೆ ಒಣಗುತ್ತಿದೆ, ತಾನು ಮಳೆ ಕರೆಯಲು ಹೊರಟಿದ್ದೇನೆ ಎಂದು ಆತನಿಗೆ ಆಗ ಹೊಳೆಯಿತೇ ಎಂದು ಬರೆದವನು ಕೇಳಿದ್ದಾನೆ. ಹೊಳೆಯಲಿಲ್ಲವಂತೆ. ಇದು ಸುಳ್ಳಿರಲಾರದು. ನಮ್ಮ ಕಡೆಯ ಯಾವ ಮನೆಯವರಾದರೂ ಹೀಗೇ. ಮಳೆ ಬೇಕು ಎಂದು ಬಾಯಲ್ಲಿ ಕೂಗುವುದು, ಕುಳ್ಳು, ಮೆಣಸಿನಕಾಯಿ, ಹಾಸಿಗೆ ಎಲ್ಲವನ್ನೂ ಬಯಲಲ್ಲಿ ಹರವಿ ಇಡುವುದು. ತಮ್ಮನ್ನು ಕರೆಯುವವರು ನಾವೇ, ತಾವು ಬಂದರೆ ಅಯ್ಯೋ ಎಂದು ಓಡುವವರೂ ನಾವೇ.

೪. ಗುರ್ಜಿ ಮನೆಮನೆ ತಿರುಗಿತು. ನೀರಿಗೆ ತತ್ವಾರವಿದ್ದರೂ ಹೆಂಗಸರು ಕೈ ಬಿಗಿಹಿಡಿಯಲಿಲ್ಲ. ಅರ್ಜಿದಾರನ ಕಣ್ಣು, ಕಿವಿ, ಮೂಗು ಎಲ್ಲ ನೀರು, ಸಗಣಿ. ಹೀಗೆ ತಿರುಗುತ್ತಿರುವಾಗ ಕೋಟೆ ಗುಡ್ಡದ ಹಿಂದಿನಿಂದ, ಮುನ್ಸೂಚನೆ ಇಲ್ಲದೆ, ತಾವು ದಯಮಾಡಿಸಿದಿರಿ. ಮಳೆ ಬಂದದ್ದು ಓಣಿಗೆಲ್ಲ ಗೊತ್ತಾಯಿತು, ಅರ್ಜಿದಾರನಿಗೆ ಮಾತ್ರ ಗೊತ್ತಾಗಲಿಲ್ಲ. ಯಾರೋ ಪುಣ್ಯಾತ್ಗಿತ್ತಿ ದೊಡ್ಡ ಕೊಡ ಬಗ್ಗಿಸಿದ್ದಾಳೆ ಎಂದುಕೊಂಡು ಆತ ಇನ್ನಷ್ಟು ಜೋರಾಗಿ ತಿರುಗಿದ. ಕಡೆಗೆ ಇಮಾಮ್ ಬೀ ಹತ್ತಿರ ಬಂದು ಕಿವಿಯಲ್ಲಿ ಕೂಗಿ ಹೇಳಬೇಕಾಯಿತು: "ಯಪ್ಪಾ ವಿರೂಪಣ್ಣಾ, ನಾವು ನೀರು ಹಾಕೋದು ಬಿಟ್ಟು ಬಾಳ ಹೊತ್ತಾತು. ಇದು ಮ್ಯಾಲಿಂದು."

ಆಗ ಆತನಿಗೆ ಮಾಳಿಗೆ ನೆನಪಾಯಿತು. ಓಡಲು ನೋಡಿದ. ಆದರೆ ಮಂದಿ ಆತನನ್ನು ಹೆಗಲ ಮೇಲೆ ಎತ್ತಿಬಿಟ್ಟಿದ್ದರು. ಮಳೆ ತಂದವನೆಂದು ಓಣಿಯುದ್ದ ಮೆರೆಸಿದರು. "ಇಳಸ್ರೋ, ಶ್ಯಾವಿಗಿ, ಶ್ಯಾವಿಗಿ" ಎಂದು ಆತ ಮೇಲಿನಿಂದ ಕೂಗಿಕೊಂಡದ್ದನ್ನು ಮಂದಿ ಊಟಕ್ಕೆ ಶ್ಯಾವಿಗೆ ಬೇಕೆನ್ನುತ್ತಿದ್ದಾನೆಂದು ತಿಳಿದು, ಆಗಲಿ ಆಗಲಿ ಎಂದು ತಲೆಯಾಡಿಸಿದರು.

೫. ಸಂಜೆ ತಾಯಣ್ಣನ ಬಂಡಿ ತಿರುಗಿ ಬಂತು. ದೇವಸುಗೂರಿನಲ್ಲಿ ತಮ್ಮದು ಒಂದು ಹನಿಯೂ ಇಲ್ಲ. ದಾರಿಯುದ್ದಕ್ಕೂ ಕೆಂಧೂಳು. ಗುರುಶಾಂತಮ್ಮ ಧೂಳು ಹೊತ್ತು, ಪ್ರಸಾದ ಹಿಡಿದು ಬಂದವಳು ಓಣಿಯ ಕೆಸರಿನಲ್ಲಿ ಕಾಲಿಟ್ಟಾಗಲೇ ಆಕೆಯ ಮುಖ ಬೇರೆಯಾಯಿತು. ನೇರ ಮಾಳಿಗೆ ಹತ್ತಿದಳು. ಕೋಲುಗಳ ಕೆಳಗೆ ಶ್ಯಾವಿಗೆ ಅಂಬಲಿಯಾಗಿ ಕೂತಿತ್ತು. ಕೆಳಗಿಳಿದು ಬಂದಳು. ಅರ್ಜಿದಾರನು ಕೊರಳಲ್ಲಿ ಹೂವಿನ ಹಾರ ಹಾಕಿಕೊಂಡು ಪಡಸಾಲೆಯಲ್ಲಿ ನಿಂತಿದ್ದ. ಆ ಹಾರ ತೆಗೆದಿಟ್ಟಿದ್ದರೆ ಚೆನ್ನಾಗಿತ್ತು ಎಂಬುದು ಬರೆದವನ ಸ್ವಂತ ಅಭಿಪ್ರಾಯ.

ಗುರುಶಾಂತಮ್ಮ ಅಳಲಿಲ್ಲ, ಕೂಗಲಿಲ್ಲ. ಕೂಗಿದ್ದರೆ ಅರ್ಜಿದಾರನಿಗೆ ಹಗುರಾಗುತ್ತಿತ್ತು. ಆಕೆ ಕೇಳಿದ್ದು ಇಷ್ಟೇ: "ಮುಂಜಾನಿ ನನಗ ಮಳಿ ಬರಂಗಿಲ್ಲ ಅಂದ್ರಿ. ಮಧ್ಯಾಹ್ನ ದೇವರ ಮುಂದ ಮಳಿ ಕೊಡಪ್ಪಾ ಅಂತ ಕುಣದ್ರಿ. ನನಗ ಸುಳ್ಳು ಹೇಳಿದ್ರೋ, ದೇವರಿಗೆ ಸುಳ್ಳು ಹೇಳಿದ್ರೋ? ಇಷ್ಟು ಹೇಳ್ರಿ, ಸಾಕು."

ಇಲ್ಲಿ ಅರ್ಜಿದಾರನು ಸುಮ್ಮನಿದ್ದರೂ ನಡೆಯುತ್ತಿತ್ತು. ಆತ, "ಇಬ್ಬರಿಗೂ ಖರೇನ ಹೇಳೀನಿ" ಎಂದ. ಮರುದಿನ ಗುರುಶಾಂತಮ್ಮ ಶ್ಯಾವಿಗೆ ಮಣೆಯನ್ನು ಬಗಲಲ್ಲಿಟ್ಟುಕೊಂಡು ದೇವದುರ್ಗದ ಬಂಡಿ ಹತ್ತಿದಳು. ಸೀರೆಗಂಟು ಒಯ್ದಿದ್ದರೆ ಅಷ್ಟು ಚಿಂತೆ ಇರಲಿಲ್ಲ. ಮಣೆ ಒಯ್ದಳೆಂದರೆ, ಇನ್ನು ಮೇಲೆ ಶ್ಯಾವಿಗೆಯನ್ನು ಬೇರೆ ಯಾರದಾದರೂ ಮುಗಿಲ ಕೆಳಗೆ ಒಣಗಿಸುತ್ತೇನೆ ಎಂದು ಅರ್ಥ.

೬. ತರುವಾಯ ಅರ್ಜಿದಾರನ ಸ್ಥಿತಿ ಹೀಗಿದೆ. ಓಣಿಯಲ್ಲಿ ಕಂಡವರೆಲ್ಲ "ಮಳಿರಾಯ ಬಂದ" ಎಂದು ದಾರಿ ಬಿಡುತ್ತಾರೆ. ಗಂಜಿನಲ್ಲಿ ಕರೆದು ಚಹಾ ಕುಡಿಸುತ್ತಾರೆ. ಮನೆಗೆ ಬಂದರೆ ಒಲೆ ತಣ್ಣಗಿರುತ್ತದೆ. ಜೋಳದ ಹಿಟ್ಟು ನಾದಿ ರೊಟ್ಟಿ ತಟ್ಟಲು ನೋಡಿದ. ರೊಟ್ಟಿ ನಾಲ್ಕು ಸೀಮೆಗೂ ಹರಿದು ಹೋಯಿತು. ಇಮಾಮ್ ಬೀ ದಿನಾ ಎರಡು ರೊಟ್ಟಿ ಕಳಿಸುತ್ತಾಳೆ, ಜೊತೆಗೆ ನಾಲ್ಕು ಮಾತನ್ನೂ ಕಳಿಸುತ್ತಾಳೆ. ಹೊರಗೆ ತಾನು ಮಳೆ ತಂದೆನೆಂದು ಒಪ್ಪಬೇಕು, ಒಳಗೆ ತರಲಿಲ್ಲವೆಂದು ಸಾಧಿಸಬೇಕು. ಅರ್ಜಿದಾರನಿಗೆ ಹೆಂಡತಿಯಿಲ್ಲದ ಮನೆ ಬಹಳ ಬೇಸರವಾಗಿದೆ. ಇದನ್ನು ಕಚೇರಿಯ ಮಾತಿನಲ್ಲಿ ಹೇಳುವ ರೀತಿ ಬರೆದವನಿಗೆ ತಿಳಿಯಲಿಲ್ಲವಾದ ಕಾರಣ ಇದ್ದದ್ದು ಇದ್ದ ಹಾಗೆ ಬರೆಯಲಾಗಿದೆ.

ಆದ್ದರಿಂದ ಅರ್ಜಿದಾರನು ಇಂದು ಬೇವಿನ ಮರದ ಕೆಳಗೆ ಬಂದು, "ಅಯ್ನಾರ, ಬರೀರಿ. ಮಳಿ ತಾನ ಬಂತು, ವಿರೂಪಣ್ಣ ತರಲಿಲ್ಲ ಅಂತ ಮ್ಯಾಲಿನ ಕಚೇರಿಯಿಂದ ಒಂದು ದಾಖಲೆ ಕೊಡಸ್ರಿ. ಆಕಿಗೆ ತೋರಸ್ತೀನಿ" ಎಂದ. ಅರ್ಜಿಯನ್ನು ಮೊದಲಿಗೆ ಹಿಡಿದದ್ದು ಆ ಉದ್ದೇಶಕ್ಕೇ.

೭. ಅರ್ಜಿ ಇಲ್ಲಿಯವರೆಗೆ ಬಂದಾಗ ತಾಯಣ್ಣನು ದೇವದುರ್ಗದಿಂದ ನೇರ ಬೇವಿನ ಮರಕ್ಕೆ ಬಂದ. ಎತ್ತಿನ ಕೊರಳು ಬಿಚ್ಚದೆಯೇ ಸುದ್ದಿ ಹೇಳಿದ: "ವಿರೂಪಣ್ಣಾ, ನಿಮ್ಮ ಮಾವ ಕರದಾರ. ದೇವದುರ್ಗದಾಗ ಇನ್ನೂ ಹನಿ ಬಿದ್ದಿಲ್ಲ. ಅಳಿಯಂದ್ರು ಗುರ್ಜಿ ಹೊತ್ರ ಮಳಿ ಬರ್ತದಂತ ಊರೆಲ್ಲ ಸುದ್ದಿ ಆಗ್ಯದ. ನಾಳಿ ನನ್ನ ಬಂಡ್ಯಾಗ ಬರಬೇಕಂತ."

ಅರ್ಜಿದಾರನು ಅದನ್ನು ಬಿಟ್ಟು, "ಆಕಿ ಏನಂದ್ಲು?" ಎಂದು ಕೇಳಿದ.

"ಅಕ್ಕಾರು ಹೊಸಾದಾಗಿ ಶ್ಯಾವಿಗಿ ಮಾಡ್ಯಾರ. ಅವರವ್ವನ ಮಾಳಗಿ ಮ್ಯಾಲ ಒಣಗಾಕತ್ತಾವ. 'ಬರ್ಲಿ. ಬಂದು, ಮಳಿ ಬರ್ತದೋ ಇಲ್ಲೋ ನನ್ನ ಮುಂದ ನಿಂತು ಹೇಳ್ಲಿ' ಅಂದ್ರು."

ಅರ್ಜಿದಾರನು ಕುಕ್ಕರಿಸಿದ. ಮಳೆ ಬಂದರೆ ಮಾವನ ಹೊಲಕ್ಕೆ ಬಿತ್ತಿಗೆ, ಹೆಂಡತಿಯ ಶ್ಯಾವಿಗೆಗೆ ಎರಡನೆಯ ಸಲ ಅಂಬಲಿ. ಬಾರದಿದ್ದರೆ ಶ್ಯಾವಿಗೆಯೇನೋ ಉಳಿಯುತ್ತದೆ, ಮಳೆಗೂ ತನಗೂ ಸಂಬಂಧವಿಲ್ಲವೆಂದು ಸಾಬೀತೂ ಆಗುತ್ತದೆ, ಆದರೆ ಮಾವನ ಊರು ಬಾಯಿ ಬಿಟ್ಟುಕೊಂಡು ಕೂರುತ್ತದೆ. "ಅಯ್ನಾರ, ಈಗ ಏನಂತ ಬರಸ್ಲಿ ನಾ?" ಎಂದ.

೮. ಬರೆದವನು ಲೇಖಣಿ ಕೆಳಗಿಟ್ಟು ಕೇಳಿದ: "ಅದಿರ್ಲಿ. ಅವತ್ತ ಮುಂಜಾನಿ ಮೋಡ ಇಲ್ಲ ಅಂದೆಲ್ಲ, ಮುಗಿಲು ನೋಡಿದ್ದೇನು?"

ಅರ್ಜಿದಾರನು ಬಹಳ ಹೊತ್ತು ತನ್ನ ಕೆರದ ಬಾರನ್ನು ಸರಿಮಾಡಿಕೊಂಡ.

"ನೋಡಿದ್ದಿಲ್ರಿ."

"ಮತ್ತ ಹೆಂಗ ಹೇಳ್ದಿ?"

"ಆಕಿ ಕೇಳಿದ್ಲಲ್ರಿ. ಕೇಳಿದ ಮ್ಯಾಲ ಗೊತ್ತಿಲ್ಲ ಅನ್ನಾಕ ನಾಚಿಕಿ ಆತು. ಗಂಜಿನಾಗ ಮಂದಿ ನನ್ನ ಮಾತು ಕೇಳಿ ಚೀಲ ಒಳಗ ಹೊರಗ ಮಾಡ್ತಾರ. ಮನ್ಯಾಗ ಗೊತ್ತಿಲ್ಲ ಅಂತ ಹೆಂಗ ಅನ್ಲಿ?"

"ಹಂಗಾದ್ರ ಸುಳ್ಳು ಹೇಳಿದ್ದು ಯಾರಿಗೆ?"

"ಆಕಿಗೇ ರೀ. ದೇವರ ಹತ್ರ ಖರೇನ ಬೇಡಿದ್ದೆ. ಕೊಡ್ತಾನ ಅಂತ ನಂಬಿದ್ದಿಲ್ಲ, ಅಷ್ಟೇ."

ಮಾನ್ಯರೇ, ಬೇವಿನ ಮರದ ಕೆಳಗೆ ಕೂತು ಕಾಲ ಬಹಳವಾಯಿತು. ಜನ ತಮ್ಮ ತಪ್ಪನ್ನು ತಹಸೀಲದಾರರ ಮೇಲೆ, ಅಣ್ಣತಮ್ಮಂದಿರ ಮೇಲೆ, ಗ್ರಹಗತಿಯ ಮೇಲೆ ಹಾಕಿ ಬರೆಸುವುದನ್ನು ಬರೆದವನು ಕಂಡಿದ್ದಾನೆ. ಈತನೂ ತಮ್ಮ ಮೇಲೆ ಹಾಕಲು ಬಂದವನೇ. ಆದರೆ ಹಾಕದೆ ಎದ್ದ. ಇದರಿಂದ ಬರೆದವನಿಗೆ ಸಂತೋಷವಾಯಿತು. ಮೊದಲ ಉದ್ದೇಶವನ್ನು ಹೊಡೆದುಹಾಕಿ, ಕೆಳಗಿನಂತೆ ತಿದ್ದಲಾಗಿದೆ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ಅರ್ಜಿದಾರನ ಬಿನ್ನಹ:

ಅ) ಮಳೆ ತಾನಾಗಿ ಬಂತೆಂಬ ದಾಖಲೆ ಬೇಡ. ಅದನ್ನು ತಯಾರು ಮಾಡುತ್ತಿದ್ದರೆ ನಿಲ್ಲಿಸಬೇಕು.

ಆ) ದೇವದುರ್ಗದಲ್ಲಿ ಮಳೆ ಬರಲಿ. "ಬರ್ಲಿ ಬಿಡ್ರಿ, ಹೊಲ ಕಾಯಾಕತ್ತಾವ. ನನ್ನ ಮರ್ಯಾದಿ ಏನು, ಹೋದ್ರ ಹೋತು" ಎಂಬುದು ಅರ್ಜಿದಾರನ ಸ್ವಂತ ಮಾತು. ಬಂದರೆ ಅದರ ಹೆಸರು ಯಾರಿಗೆ ಹೋದರೂ ತಕರಾರಿಲ್ಲ.

ಇ) ರಾಯಚೂರಿನ ಹವೆಯ ಬಗ್ಗೆ ಅರ್ಜಿದಾರನು ಇಲ್ಲಿಯವರೆಗೆ ಕೊಟ್ಟ ಎಲ್ಲ ಭವಿಷ್ಯವನ್ನೂ ವಾಪಸು ಪಡೆದಿದ್ದಾನೆ. ಗಂಜಿನಲ್ಲಿ ಒಂದಿಬ್ಬರು ನಂಬಿಕೊಂಡೇ ಇದ್ದರೆ ಅದಕ್ಕೆ ಆತ ಹೊಣೆಯಲ್ಲ. ಮಾಳಿಗೆಯ ಮೇಲೆ ಏನಿದೆ ಎಂದು ನೋಡದೆ ಇನ್ನು ಮಳೆ ಬೇಡುವುದಿಲ್ಲವೆಂದೂ ಬರೆದುಕೊಟ್ಟಿದ್ದಾನೆ.

ಒಣನೆಲದ ಮೇಲೆ ನಿಂತು, ಕೈಮುಗಿದು,

ತಮ್ಮ ವಿಶ್ವಾಸಿ, ತಾವು ಬಂದರೂ ಬಾರದಿದ್ದರೂ,
ವಿರೂಪಣ್ಣ (ಹೆಬ್ಬೆಟ್ಟಲ್ಲ, ಸ್ವಂತ ರುಜು)

ಲಗತ್ತು:
೧. ಹಾಳಾದ ಶ್ಯಾವಿಗೆಯ ಒಂದು ಉಂಡೆ. ಒಣಗಿ ಕಲ್ಲಾಗಿದೆ. ಒಡೆಯಲು ಪ್ರಯತ್ನಿಸಬಾರದು.
೨. ಇಮಾಮ್ ಬೀಯವರ ರೊಟ್ಟಿ ಹಂಚು. ನೋಡಿ ಇಂದೇ ಹಿಂದಿರುಗಿಸಬೇಕು. ಆಕೆಯ ಮನೆಯಲ್ಲಿ ರೊಟ್ಟಿ ನಿಂತಿವೆ, ಅರ್ಜಿದಾರನ ಊಟವೂ ಅಲ್ಲಿಂದಲೇ.
೩. ಬಾಡಿದ ಹೂವಿನ ಹಾರ, ಒಂದು.

ಷರಾ: ಅರ್ಜಿದಾರನು ನಾಳೆ ಹೊರಟು ನಾಡಿದ್ದು ಮಧ್ಯಾಹ್ನದ ಹೊತ್ತಿಗೆ ದೇವದುರ್ಗ ಮುಟ್ಟಿ ಮೊದಲು ಅತ್ತೆಯ ಮನೆಯ ಮಾಳಿಗೆ ಹತ್ತುವವನಿದ್ದಾನೆ. ಅಲ್ಲಿ ಗುರುಶಾಂತಮ್ಮನವರು "ಮಳಿ ಬರ್ತದೇನ್ರೀ?" ಎಂದು ಕೇಳಿ, ಅರ್ಜಿದಾರನು ಮುಗಿಲನ್ನು ಚೆನ್ನಾಗಿ ನೋಡಿ "ನನಗ ಗೊತ್ತಿಲ್ಲ" ಎಂದು ಹೇಳಿ, ಇಬ್ಬರೂ ಕೂಡಿ ಕೊನೆಯ ಕೋಲಿನ ಶ್ಯಾವಿಗೆಯನ್ನು ಒಳಗೆ ಇಳಿಸುವವರೆಗೆ ತಾವು ಮೊದಲ ಹನಿಯನ್ನು ತಡೆಹಿಡಿಯಬೇಕೆಂದು ಪ್ರಾರ್ಥನೆ. ಅದಕ್ಕೂ ಮೊದಲೇ ಆಕೆ ನಕ್ಕುಬಿಟ್ಟರೆ, ಕಾಯುವ ಅಗತ್ಯವಿಲ್ಲ.